ದೆಹಲಿಯಿಂದ ಟೋಕಿಯೊಗೆ: ವಿಮಾನದ ದೂರವನ್ನೂ ಪ್ರಯಾಣದ ಹೊತ್ತನ್ನೂ ತಪ್ಪಿಲ್ಲದೆ ಲೆಕ್ಕ ಹಾಕುವ ಕ್ರಮ

ದೆಹಲಿಯಿಂದ ರಾತ್ರಿ 8:00ಕ್ಕೆ ಹೊರಟ ವಿಮಾನ ಮರುದಿನ ಬೆಳಿಗ್ಗೆ 7:15ಕ್ಕೆ ಟೋಕಿಯೊ ತಲುಪುತ್ತದೆ ಎಂದಿಟ್ಟುಕೊಳ್ಳಿ. ಬರುವಾಗ ಟೋಕಿಯೊದಿಂದ ಬೆಳಿಗ್ಗೆ 11:15ಕ್ಕೆ ಹೊರಟದ್ದು ಅದೇ ದಿನ ಸಂಜೆ 5:15ಕ್ಕೆ ದೆಹಲಿಯಲ್ಲಿ ಇಳಿಯುತ್ತದೆ. ಟಿಕೆಟ್ ಕೈಗೆ ಬಂದ ಕೂಡಲೇ ಹೆಚ್ಚಿನವರು ಬೆರಳು ಮಡಚಿ ಎಣಿಸುತ್ತಾರೆ: ಹೋಗಲು ಹನ್ನೊಂದೂಕಾಲು ಗಂಟೆ, ಬರಲು ಆರೇ ಗಂಟೆ. ಎರಡೂ ತಪ್ಪು. ಅಷ್ಟೇ ಅಲ್ಲ, ಯಾವ ಪ್ರಯಾಣ ಉದ್ದ, ಯಾವುದು ಗಿಡ್ಡ ಎಂಬುದೇ ಇಲ್ಲಿ ತಲೆಕೆಳಗಾಗಿದೆ. ನಿಜದಲ್ಲಿ ಹೋಗಲು ಏಳೂಮುಕ್ಕಾಲು ಗಂಟೆ ಸಾಕು, ಬರಲು ಒಂಬತ್ತೂವರೆ ಗಂಟೆ ಬೇಕು.

ಈ ತಪ್ಪಿನ ಬೆನ್ನಿಗೇ ಇನ್ನಷ್ಟು ತಪ್ಪುಗಳು ಬರುತ್ತವೆ. ನಕ್ಷೆಯ ಮೇಲೆ ಅಳೆದ ದೂರವನ್ನೇ ವಿಮಾನ ಹಾರುವ ದೂರ ಎಂದುಕೊಳ್ಳುತ್ತಾರೆ. ಆ ದೂರವನ್ನು ವೇಗದಿಂದ ಭಾಗಿಸಿ, ಬಂದ ಉತ್ತರವೇ ಪ್ರಯಾಣದ ಅವಧಿ ಎನ್ನುತ್ತಾರೆ. ಆ ಅವಧಿಯನ್ನು ನಂಬಿ ಇಳಿದ ದಿನವೇ ಮಧ್ಯಾಹ್ನಕ್ಕೊಂದು ಮುಖ್ಯವಾದ ಭೇಟಿ ಇಟ್ಟುಕೊಳ್ಳುತ್ತಾರೆ. ನೆಲದ ಮೇಲಿನ ದೂರ, ಗಾಳಿಯಲ್ಲಿ ಕಳೆಯುವ ಹೊತ್ತು, ಮನೆ ಬಾಗಿಲಿನಿಂದ ಹೋಟೆಲ್ ಬಾಗಿಲಿನವರೆಗಿನ ಹೊತ್ತು, ಈ ಮೂರೂ ಬೇರೆ ಬೇರೆ ಸಂಖ್ಯೆಗಳು. ಒಂದರಿಂದ ಇನ್ನೊಂದಕ್ಕೆ ಹೋಗಲು ಒಂದು ಕ್ರಮ ಇದೆ. ಆ ಕ್ರಮದಲ್ಲಿ ಒಂದು ಮೆಟ್ಟಿಲು ಬಿಟ್ಟರೂ ಮುಂದಿನದೆಲ್ಲ ಜಾರುತ್ತದೆ.

ಇಲ್ಲಿ ಉದ್ದಕ್ಕೂ ದೆಹಲಿ–ಟೋಕಿಯೊ ಜೋಡಿಯನ್ನೇ ಹಿಡಿದಿದ್ದೇನೆ. ಅರ್ಧ ಗಂಟೆಯ ಕಾಲವಲಯ, ಎರಡು ವಿಮಾನ ನಿಲ್ದಾಣಗಳಿರುವ ನಗರ, ದಾರಿಗೆ ಅಡ್ಡ ನಿಂತ ಹಿಮಾಲಯ, ಜೋರು ಗಾಳಿ, ಜನ ಎಡವುವ ಎಲ್ಲ ಕಲ್ಲುಗಳೂ ಈ ಒಂದೇ ದಾರಿಯಲ್ಲಿವೆ. ಇದನ್ನು ಕಲಿತವರಿಗೆ ಏಷ್ಯಾದ ಬೇರೆ ಯಾವ ಜೋಡಿಯೂ ಕಷ್ಟವಾಗದು.

ಬೇಕಾಗುವ ಸಾಮಗ್ರಿ

ಒಂದು ಹಾಳೆ, ಪೆನ್ನು, ಸೈನ್ ಮತ್ತು ಕೊಸೈನ್ ಇರುವ ಕ್ಯಾಲ್ಕುಲೇಟರ್. ಮೊಬೈಲ್ ಫೋನನ್ನು ಅಡ್ಡ ತಿರುಗಿಸಿದರೆ ಅನೇಕ ಫೋನುಗಳಲ್ಲಿ ಅದೇ ಸಿಗುತ್ತದೆ. ಗಣಿತ ಬೇಡ ಎನ್ನುವವರಿಗೆ ಗೂಗಲ್ ಅರ್ಥ್‌ನಲ್ಲಿರುವ ಅಳತೆಪಟ್ಟಿ ಸಾಕು. ಅದು ಭೂಮಿಯ ಉಬ್ಬನ್ನು ಗಣನೆಗೆ ತೆಗೆದುಕೊಂಡೇ ಅಳೆಯುತ್ತದೆ. ಜೊತೆಗೆ ನಿಮ್ಮ ಟಿಕೆಟ್, ಅಥವಾ ನೀವು ಕೊಳ್ಳಬೇಕೆಂದಿರುವ ವಿಮಾನದ ವೇಳಾಪಟ್ಟಿ.

ಹಾಳೆಯ ನಡುವೆ ಒಂದು ಉದ್ದಗೆರೆ ಎಳೆಯಿರಿ. ಎಡಗಡೆ ‘ಹೋಗುವುದು’, ಬಲಗಡೆ ‘ಬರುವುದು’. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ನಕಲು ಮಾಡುವುದಿಲ್ಲ ಎಂದು ಮೊದಲೇ ತೀರ್ಮಾನಿಸಿ.

ಹಂತ 1: ನಗರವನ್ನಲ್ಲ, ವಿಮಾನ ನಿಲ್ದಾಣವನ್ನು ಗುರುತಿಸಿ

ವಿಮಾನ ಟೋಕಿಯೊಗೆ ಹೋಗುವುದಿಲ್ಲ. ಹನೇಡಾಗೆ ಹೋಗುತ್ತದೆ, ಇಲ್ಲವೇ ನರಿಟಾಗೆ ಹೋಗುತ್ತದೆ. ಹನೇಡಾ ಟೋಕಿಯೊ ಕೊಲ್ಲಿಯ ಅಂಚಿನಲ್ಲಿ, ನಗರಕ್ಕೆ ಅಂಟಿಕೊಂಡೇ ಇದೆ. ನರಿಟಾ ಇರುವುದು ಪಕ್ಕದ ಚಿಬಾ ಪ್ರಾಂತ್ಯದಲ್ಲಿ. ಎರಡರ ನಡುವೆ ಕಾಗೆ ಹಾರಿದಷ್ಟು ನೇರಕ್ಕೆ ಸುಮಾರು 60 ಕಿಲೋಮೀಟರ್ ಅಂತರವಿದೆ. ಬಸ್ಸಿನಲ್ಲಿ ಹೋದರೆ ಒಂದು ಗಂಟೆಗೂ ಮೇಲೆ ಹಿಡಿಯುತ್ತದೆ.

ಟಿಕೆಟ್‌ನಲ್ಲಿ ಮೂರಕ್ಷರದ ಸಂಕೇತ ನೋಡಿ. ಎಚ್‌ಎನ್‌ಡಿ ಎಂದರೆ ಹನೇಡಾ, ಎನ್‌ಆರ್‌ಟಿ ಎಂದರೆ ನರಿಟಾ. ಟಿವೈಒ ಎಂದಿದ್ದರೆ ಅದು ಇಡೀ ನಗರದ ಸಂಕೇತ. ಯಾವ ನಿಲ್ದಾಣ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಹುಡುಕಾಟದಲ್ಲಿ ಟಿವೈಒ ಎಂದು ಹೊಡೆದವರಿಗೆ ಎರಡೂ ನಿಲ್ದಾಣಗಳ ವಿಮಾನಗಳು ಒಂದೇ ಪಟ್ಟಿಯಲ್ಲಿ ಬೆರೆತು ಬರುತ್ತವೆ. ಅಗ್ಗದ್ದನ್ನು ಆರಿಸುವ ಭರದಲ್ಲಿ ಹೋಗುವುದು ಹನೇಡಾಗೆ, ಹೊರಡುವುದು ನರಿಟಾದಿಂದ ಎಂಬ ಟಿಕೆಟ್ ಕೈಸೇರಿರುತ್ತದೆ. ಅದು ತಪ್ಪೇನಲ್ಲ, ಗೊತ್ತಿದ್ದು ಮಾಡಬೇಕು ಅಷ್ಟೆ.

ಏಷ್ಯಾದಲ್ಲಿ ಇಂಥ ಜೋಡಿ ನಿಲ್ದಾಣಗಳು ಇನ್ನೂ ಇವೆ: ಬ್ಯಾಂಕಾಕ್‌ನಲ್ಲಿ ಸುವರ್ಣಭೂಮಿ ಮತ್ತು ಡಾನ್ ಮುವಾಂಗ್, ಸೋಲ್‌ನಲ್ಲಿ ಇಂಚಾನ್ ಮತ್ತು ಗಿಂಪೊ, ಶಾಂಘೈನಲ್ಲಿ ಪುಡಾಂಗ್ ಮತ್ತು ಹಾಂಗ್‌ಚಿಯಾವ್, ತೈಪೆಯಲ್ಲಿ ತಾವ್‌ಯುವಾನ್ ಮತ್ತು ಸಾಂಗ್‌ಶಾನ್. ಇವುಗಳಲ್ಲಿ ಯಾವ ನಗರದ ಹೆಸರು ಟಿಕೆಟ್‌ನಲ್ಲಿ ಕಂಡರೂ ಅಲ್ಲೇ ನಿಂತು ಸಂಕೇತ ಓದಿ.

ಹಂತ 2: ನೇರ ದೂರ ಕಂಡುಹಿಡಿಯಿರಿ

ಗೋಡೆಯ ಮೇಲಿನ ನಕ್ಷೆಗೆ ಅಳತೆಪಟ್ಟಿ ಇಡಬೇಡಿ. ಚಪ್ಪಟೆ ನಕ್ಷೆಯಲ್ಲಿ ನೇರವಾಗಿ ಕಾಣುವ ಗೆರೆ ಭೂಮಿಯ ಮೇಲೆ ಅತಿ ಹತ್ತಿರದ ದಾರಿಯಲ್ಲ. ಗೋಳವೊಂದು ಸಿಕ್ಕರೆ ದಾರ ಹಿಡಿದು ನೋಡಿ. ಒಂದು ತುದಿಯನ್ನು ದೆಹಲಿಯ ಮೇಲೆ, ಇನ್ನೊಂದನ್ನು ಟೋಕಿಯೊ ಮೇಲೆ ಒತ್ತಿ ಬಿಗಿಯಾಗಿ ಎಳೆದರೆ ದಾರ ತಾನಾಗಿ ಉತ್ತರಕ್ಕೆ ಸರಿಯುತ್ತದೆ. ದೆಹಲಿ ಸುಮಾರು 28.6 ಡಿಗ್ರಿ ಉತ್ತರದಲ್ಲಿದೆ, ಟೋಕಿಯೊ ಸುಮಾರು 35.6ರಲ್ಲಿ. ಆದರೆ ದಾರದ ನಡುಬಿಂದು ಬರುವುದು 36 ಡಿಗ್ರಿಗೂ ಮೇಲೆ, ಚೀನಾದ ಗಾನ್ಸು ಪ್ರಾಂತ್ಯದ ಆಸುಪಾಸಿನಲ್ಲಿ. ಎರಡೂ ಊರುಗಳಿಗಿಂತ ನಡುದಾರಿಯೇ ಉತ್ತರಕ್ಕಿದೆ! ಈ ಬಾಗಿದ ದಾರಿಗೆ ಮಹಾವೃತ್ತ ಎಂದು ಹೆಸರು.

ಈಗ ಸಂಖ್ಯೆ. ದೆಹಲಿಯ ಇಂದಿರಾ ಗಾಂಧಿ ನಿಲ್ದಾಣ: ಅಕ್ಷಾಂಶ 28.57, ರೇಖಾಂಶ 77.10. ಹನೇಡಾ: ಅಕ್ಷಾಂಶ 35.55, ರೇಖಾಂಶ 139.78. ರೇಖಾಂಶಗಳ ವ್ಯತ್ಯಾಸ 62.68 ಡಿಗ್ರಿ.

1. ಎರಡೂ ಅಕ್ಷಾಂಶಗಳ ಸೈನ್ ತೆಗೆದು ಗುಣಿಸಿ: 0.4782 × 0.5814 = 0.2780.

2. ಎರಡೂ ಅಕ್ಷಾಂಶಗಳ ಕೊಸೈನ್, ರೇಖಾಂಶ ವ್ಯತ್ಯಾಸದ ಕೊಸೈನ್, ಮೂರನ್ನೂ ಗುಣಿಸಿ: 0.8782 × 0.8136 × 0.4590 = 0.3280.

3. ಎರಡನ್ನೂ ಕೂಡಿಸಿ: 0.6060. ಯಾವ ಕೋನದ ಕೊಸೈನ್ ಇಷ್ಟಾಗುತ್ತದೆ ಎಂದು ಕ್ಯಾಲ್ಕುಲೇಟರ್‌ನಲ್ಲಿ ಹಿಂದಕ್ಕೆ ತೆಗೆಯಿರಿ: 52.70 ಡಿಗ್ರಿ.

4. ಭೂಮಿಯ ಮೇಲ್ಮೈಯಲ್ಲಿ ಒಂದು ಡಿಗ್ರಿ ಎಂದರೆ ಸುಮಾರು 111.19 ಕಿಲೋಮೀಟರ್. ಗುಣಿಸಿದರೆ ಸುಮಾರು 5,860 ಕಿಲೋಮೀಟರ್.

ನರಿಟಾಗೆ ಇದೇ ಲೆಕ್ಕ ಹಾಕಿದರೆ ಸುಮಾರು 5,910 ಬರುತ್ತದೆ. ಭೂಮಿ ಪೂರ್ಣ ಗೋಳವಲ್ಲದ ಕಾರಣ ಬೇರೆ ಬೇರೆ ಕಡೆ ನಿಮಗೆ ಹತ್ತು ಹದಿನೈದು ಕಿಲೋಮೀಟರ್ ಹೆಚ್ಚುಕಡಿಮೆ ಕಾಣಬಹುದು. ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ತಲೆಕೆಡಿಸಿಕೊಳ್ಳಬೇಕಾದ ತಪ್ಪುಗಳು ಬೇರೆಯೇ ಇವೆ. ಮೊದಲನೆಯದು ಡಿಗ್ರಿ–ಮಿನಿಟಿನ ಗೊಂದಲ. ದೆಹಲಿ ನಿಲ್ದಾಣದ ಅಕ್ಷಾಂಶ 28 ಡಿಗ್ರಿ 34 ಮಿನಿಟ್ ಎಂದು ಬರೆದಿರುತ್ತಾರೆ. ಅದನ್ನು 28.34 ಎಂದು ಕ್ಯಾಲ್ಕುಲೇಟರ್‌ಗೆ ಹಾಕುವವರು ಬಹಳ. ಮಿನಿಟ್ ಎಂದರೆ ಡಿಗ್ರಿಯ ಅರವತ್ತನೆಯ ಒಂದು ಭಾಗ. 34ನ್ನು 60ರಿಂದ ಭಾಗಿಸಿದರೆ 0.57. ಹಾಗಾಗಿ ಅದು 28.57. ಈ ಒಂದು ಎಡವಟ್ಟಿನಿಂದ ವಿಮಾನ ನಿಲ್ದಾಣವೇ 25 ಕಿಲೋಮೀಟರ್ ದಕ್ಷಿಣಕ್ಕೆ ಸರಿದುಬಿಡುತ್ತದೆ.

ಎರಡನೆಯದು ಕ್ಯಾಲ್ಕುಲೇಟರ್ ಡಿಗ್ರಿಯ ಬದಲು ರೇಡಿಯನ್ ಎಂಬ, ಕೋನ ಅಳೆಯುವ ಬೇರೊಂದು ಮಾನದ ಸ್ಥಿತಿಯಲ್ಲಿರುವುದು. ಶುರು ಮಾಡುವ ಮೊದಲು 60ರ ಕೊಸೈನ್ ಒತ್ತಿ ನೋಡಿ, 0.5 ಬರಬೇಕು. ಬೇರೇನೋ ಬಂದರೆ ಡಿಗ್ರಿಗೆ ಬದಲಾಯಿಸದೆ ಮುಂದೆ ಹೋಗಬೇಡಿ. ಕಂಪ್ಯೂಟರ್‌ನ ಲೆಕ್ಕದ ಹಾಳೆಗಳು ಕೋನವನ್ನು ರೇಡಿಯನ್‌ನಲ್ಲೇ ಕೇಳುತ್ತವೆ ಎಂಬುದೂ ನೆನಪಿರಲಿ.

ಮೂರನೆಯದು ಮೈಲಿ. ವಿಮಾನಯಾನದವರು ಬಳಸುವುದು ನಾಟಿಕಲ್ ಮೈಲಿ, 1.852 ಕಿಲೋಮೀಟರ್. ರಸ್ತೆಯ ಮೈಲಿ 1.609 ಕಿಲೋಮೀಟರ್. ನಮ್ಮ 5,860 ಕಿಲೋಮೀಟರ್ ಒಂದು ಕಡೆ ಸುಮಾರು 3,160 ಎಂದೂ ಇನ್ನೊಂದು ಕಡೆ ಸುಮಾರು 3,640 ಎಂದೂ ಕಂಡರೆ ಎರಡೂ ಸರಿಯೇ. ಅಳತೆಗೋಲು ಮಾತ್ರ ಬೇರೆ. ಮೂರು ಸಾವಿರದ ಚಿಲ್ಲರೆ ಎಂದು ನೋಡಿದ್ದನ್ನೇ ಕಿಲೋಮೀಟರ್ ಎಂದು ತಿಳಿದವರು ಪ್ರಯಾಣವನ್ನು ನಾಲ್ಕು ಗಂಟೆಗೆ ಇಳಿಸಿಬಿಡುತ್ತಾರೆ.

ಹಂತ 3: ನೇರ ದೂರಕ್ಕೆ ಸುತ್ತುದಾರಿ ಸೇರಿಸಿ

ಹೆಚ್ಚಿನ ಲೆಕ್ಕಗಳು ಎರಡನೆಯ ಹಂತಕ್ಕೇ ನಿಂತುಹೋಗುತ್ತವೆ. ಆದರೆ ಆ 5,860 ಕಿಲೋಮೀಟರ್ ಯಾವ ಪ್ರಯಾಣಿಕನೂ ಹಾರುವ ದೂರವಲ್ಲ. ಮಹಾವೃತ್ತದ ಆ ದಾರ ಎಲ್ಲೆಲ್ಲಿ ಹಾದುಹೋಗುತ್ತದೆ ನೋಡಿ: ಹಿಮಾಲಯ ದಾಟಿ, ಟಿಬೆಟ್ ಪ್ರಸ್ಥಭೂಮಿಯ ಮೇಲಿಂದ.

ವಿಮಾನ ಹಾರುವುದು ಹತ್ತು ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ಹಾಗಿದ್ದ ಮೇಲೆ ಪರ್ವತ ಏನು ಮಾಡೀತು ಎಂಬ ಪ್ರಶ್ನೆ ಸಹಜ. ತೊಂದರೆ ಇರುವುದು ಎಲ್ಲವೂ ಸರಿಯಿದ್ದಾಗ ಅಲ್ಲ. ಒಳಗಿನ ಗಾಳಿಯ ಒತ್ತಡ ಕುಸಿದರೆ ವಿಮಾನ ಬೇಗನೆ ಸುಮಾರು 3,000 ಮೀಟರ್ ಎತ್ತರಕ್ಕೆ, ಅಂದರೆ ಜನ ತಾವಾಗಿ ಉಸಿರಾಡಬಹುದಾದ ಮಟ್ಟಕ್ಕೆ ಇಳಿಯಬೇಕು. ಆಸನದ ಮೇಲಿನಿಂದ ಬೀಳುವ ಮುಖವಾಡಗಳಲ್ಲಿ ಸಾಮಾನ್ಯವಾಗಿ ಕಾಲು ಗಂಟೆಯ ಆಸುಪಾಸಿನಷ್ಟೇ ಆಮ್ಲಜನಕ ಇರುತ್ತದೆ. ಟಿಬೆಟ್‌ನಲ್ಲಿ ನೆಲವೇ ನಾಲ್ಕು ಸಾವಿರ ಮೀಟರ್‌ಗಿಂತ ಮೇಲಿದೆ. ಇಳಿಯುವುದೆಲ್ಲಿಗೆ? ಆದ್ದರಿಂದ ಸಾಮಾನ್ಯ ದಾರಿಗಳು ಪ್ರಸ್ಥಭೂಮಿಯನ್ನು ಬಿಟ್ಟು ಸುತ್ತುಹಾಕಿಕೊಂಡು ಹೋಗುತ್ತವೆ.

ದೆಹಲಿಯಿಂದ ಪೂರ್ವಕ್ಕೆ ಹೊರಟು, ಚೀನಾದ ಕುನ್‌ಮಿಂಗ್ ಮೇಲೆ, ಅಲ್ಲಿಂದ ಶಾಂಘೈ ಮೇಲೆ, ಅಲ್ಲಿಂದ ಹನೇಡಾಗೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಪ್ರತಿ ತುಂಡಿಗೂ ಎರಡನೆಯ ಹಂತದ ಸೂತ್ರವನ್ನೇ ಹಾಕಿ: ದೆಹಲಿ–ಕುನ್‌ಮಿಂಗ್ ಸುಮಾರು 2,570, ಕುನ್‌ಮಿಂಗ್–ಶಾಂಘೈ 1,990, ಶಾಂಘೈ–ಹನೇಡಾ 1,740. ಒಟ್ಟು 6,300 ಕಿಲೋಮೀಟರ್. ನೇರ ದೂರಕ್ಕಿಂತ 440 ಹೆಚ್ಚು, ಅಂದರೆ ನೂರಕ್ಕೆ ಏಳೂವರೆ. ಹಾರಾಟದಲ್ಲಿ ಇದೊಂದೇ ಅರ್ಧ ಗಂಟೆ ತಿನ್ನುತ್ತದೆ.

ಆಯಾ ದಿನದ ಗಾಳಿ, ಹವಾಮಾನ, ದಟ್ಟಣೆ ನೋಡಿ ದಾರಿ ಬದಲಾಗುತ್ತದೆ. ನಿಮ್ಮ ವಿಮಾನ ಕುನ್‌ಮಿಂಗ್ ಮೇಲೆಯೇ ಹೋಗಬೇಕೆಂದಿಲ್ಲ. ಸರಿಯಾದ ಅಂದಾಜು ಬೇಕೆಂದರೆ, ಹಾರುವ ವಿಮಾನಗಳ ಜಾಡು ತೋರಿಸುವ ತಾಣಗಳಾದ ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್‌ನಲ್ಲಿ ನಿಮ್ಮ ವಿಮಾನದ ಸಂಖ್ಯೆ ಹಾಕಿ, ಕಳೆದ ನಾಲ್ಕೈದು ದಿನಗಳಲ್ಲಿ ಅದು ಹಾರಿದ ಗೆರೆಯನ್ನು ನೋಡಿ. ಒಂದೇ ದಿನದ ಗೆರೆ ನೋಡಿ ತೀರ್ಮಾನಿಸಬೇಡಿ.

ವಾಯುಪ್ರದೇಶ ಮುಚ್ಚಿದಾಗ ಸುತ್ತು ಇನ್ನೂ ದೊಡ್ಡದಾಗುತ್ತದೆ. 2025ರ ಏಪ್ರಿಲ್ ಕೊನೆಯಲ್ಲಿ ಭಾರತ ಮತ್ತು ಪಾಕಿಸ್ತಾನ ಪರಸ್ಪರರ ವಿಮಾನಗಳಿಗೆ ತಮ್ಮ ಆಕಾಶ ಮುಚ್ಚಿದವು. ಟೋಕಿಯೊ ದಾರಿಗೆ ಅದರಿಂದ ಬಾಧೆಯಿಲ್ಲ, ಏಕೆಂದರೆ ಅದು ಪೂರ್ವಕ್ಕೆ ಹೋಗುವ ದಾರಿ. ಆದರೆ ದೆಹಲಿಯಿಂದ ತಾಷ್ಕೆಂಟ್, ಅಲ್ಮಾಟಿ ಕಡೆಯ ಲೆಕ್ಕ ಹಾಕುವವರು ಅದಕ್ಕಿಂತ ಹಿಂದಿನ ಅಂಕಿಗಳನ್ನು ನಂಬಿ ಕೂರಬಾರದು.

ಹಂತ 4: ದೂರವನ್ನು ಹೊತ್ತಾಗಿ ಮಾಡಿ

ದೂರ ಪ್ರಯಾಣದ ದೊಡ್ಡ ವಿಮಾನಗಳು, ಉದಾಹರಣೆಗೆ ಬೋಯಿಂಗ್ 787, ಎತ್ತರದಲ್ಲಿ ಗಂಟೆಗೆ ಸುಮಾರು 900 ಕಿಲೋಮೀಟರ್ ವೇಗದಲ್ಲಿ ಹಾರುತ್ತವೆ. ಏರ್‌ಬಸ್ 320ರಂಥ ಚಿಕ್ಕವು ಸುಮಾರು 830. ನಾನು ದೊಡ್ಡ ವಿಮಾನಕ್ಕೆ 880 ಹಿಡಿಯುತ್ತೇನೆ. ಅಂದಾಜು ಕೊಂಚ ಬಿಗಿಯಾಗಿದ್ದರೆ ಒಳ್ಳೆಯದು.

ಇದು ಗಾಳಿಯೊಳಗಿನ ವೇಗ, ನೆಲದ ಮೇಲಿನ ವೇಗವಲ್ಲ. ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನದಿಯಂತೆ ಹರಿಯುವ ಗಾಳಿಯಿದೆ, ಜೆಟ್ ಸ್ಟ್ರೀಮ್. ಚಳಿಗಾಲದಲ್ಲಿ ಜಪಾನಿನ ಮೇಲೆ ಅದು ಭೂಮಿಯಲ್ಲೇ ಅತಿ ಜೋರಾಗಿ ಬೀಸುವ ಜಾಗಗಳಲ್ಲಿ ಒಂದು. ಗಂಟೆಗೆ 300 ಕಿಲೋಮೀಟರ್ ದಾಟುವುದೂ ಉಂಟು. ದಾರಿಯುದ್ದಕ್ಕೂ ಅಷ್ಟು ಇರುವುದಿಲ್ಲ. ಇಡೀ ದಾರಿಗೆ ಸರಾಸರಿ 100 ಎಂದು ಹಿಡಿದು ನೋಡೋಣ.

ಹೋಗುವಾಗ ಗಾಳಿ ಬೆನ್ನಿಗೆ: 880ಕ್ಕೆ 100 ಸೇರಿ 980. 6,300ನ್ನು 980ರಿಂದ ಭಾಗಿಸಿದರೆ 6.43 ಗಂಟೆ. ಬರುವಾಗ ಎದುರುಗಾಳಿ: 880ರಲ್ಲಿ 100 ಕಳೆದು 780. 6,300ನ್ನು 780ರಿಂದ ಭಾಗಿಸಿದರೆ 8.08 ಗಂಟೆ.

ಇಲ್ಲಿ ಕೈತಪ್ಪುವ ಜಾಗವೊಂದಿದೆ. 6.43 ಗಂಟೆ ಎಂದರೆ ಆರು ಗಂಟೆ ನಲವತ್ಮೂರು ನಿಮಿಷ ಅಲ್ಲ. ಬಿಂದುವಿನ ನಂತರದ 0.43ನ್ನು 60ರಿಂದ ಗುಣಿಸಿ: 26. ಆರು ಗಂಟೆ ಇಪ್ಪತ್ತಾರು ನಿಮಿಷ. ಹಾಗೆಯೇ 8.08 ಎಂದರೆ ಎಂಟು ಗಂಟೆ ಐದು ನಿಮಿಷ. ಲೆಕ್ಕ ಬಲ್ಲವರೂ ಅವಸರದಲ್ಲಿ ಇಲ್ಲಿ ತಪ್ಪುವುದನ್ನು ಕಂಡಿದ್ದೇನೆ.

ಇದಕ್ಕೆ ಸುಮಾರು 45 ನಿಮಿಷ ಸೇರಿಸಿ. ವೇಳಾಪಟ್ಟಿ ಎಣಿಸುವುದು ಗೇಟ್‌ನಿಂದ ಗೇಟ್‌ಗೆ. ಗಾಳಿಗೇರಿದ ಕ್ಷಣದಿಂದ ಅಲ್ಲ. ರನ್‌ವೇವರೆಗೆ ಉರುಳುವುದು, ಸರದಿಗೆ ಕಾಯುವುದು, ನಿಧಾನವಾಗಿ ಏರುವುದು, ಇಳಿಯುವ ಮುನ್ನ ವೇಗ ತಗ್ಗಿಸಿ ಸುತ್ತುವುದು, ಮತ್ತೆ ಗೇಟ್‌ವರೆಗೆ ಉರುಳುವುದು ಎಲ್ಲವೂ ಅದರಲ್ಲಿ ಸೇರಿದೆ. ಹೋಗಲು ಏಳು ಗಂಟೆ ಹತ್ತು ನಿಮಿಷ, ಬರಲು ಎಂಟು ಗಂಟೆ ಐವತ್ತು ನಿಮಿಷ ಎಂಬಲ್ಲಿಗೆ ಬಂದೆವು.

ವೇಳಾಪಟ್ಟಿಯಲ್ಲಿ ಇದಕ್ಕಿಂತ ಹೆಚ್ಚೇ ಕಾಣುತ್ತದೆ. ಹೋಗುವುದು ಏಳೂವರೆಯಿಂದ ಎಂಟು ಗಂಟೆ, ಬರುವುದು ಒಂಬತ್ತರಿಂದ ಹತ್ತು ಗಂಟೆ. ಋತುವಿನ ಕೆಟ್ಟ ಗಾಳಿಯನ್ನೂ ನಿಲ್ದಾಣದ ದಟ್ಟಣೆಯನ್ನೂ ಮನಸ್ಸಿನಲ್ಲಿಟ್ಟು ವಿಮಾನ ಸಂಸ್ಥೆಗಳು ಒಂದಿಷ್ಟು ಅವಧಿಯನ್ನು ಮೊದಲೇ ತುಂಬಿಸಿರುತ್ತವೆ. ನಿಮ್ಮ ಲೆಕ್ಕ ವೇಳಾಪಟ್ಟಿಗಿಂತ ಅರ್ಧ ಮುಕ್ಕಾಲು ಗಂಟೆ ಕಡಿಮೆ ಬಂದರೆ ಲೆಕ್ಕ ಸರಿಯಾಗಿದೆ ಎಂದೇ ಅರ್ಥ. ಎರಡು ಗಂಟೆ ವ್ಯತ್ಯಾಸ ಬಂದರೆ ಹಿಂದಿನ ಹಂತಗಳಲ್ಲೆಲ್ಲೋ ತಪ್ಪಿದೆ.

ಹೋಗುವಾಗ ಉಳಿದದ್ದು ಬರುವಾಗ ಕಳೆದದ್ದಕ್ಕೆ ಸರಿಹೋಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಗಾಳಿಯೇ ಇಲ್ಲದಿದ್ದರೆ ಎರಡೂ ದಿಕ್ಕಿಗೆ ಸೇರಿ 14.32 ಗಂಟೆ ಆಗುತ್ತಿತ್ತು, ಗಾಳಿಯಿದ್ದಾಗ 14.51. ಎದುರುಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತದೆ, ಹಾಗಾಗಿ ನಷ್ಟವೇ ಒಂದು ತೂಕ ಹೆಚ್ಚು.

ಹಂತ 5: ಎರಡು ಊರಿನ ಗಡಿಯಾರಗಳನ್ನು ಒಂದಕ್ಕೆ ತನ್ನಿ

ಟಿಕೆಟ್‌ನಲ್ಲಿ ಮುದ್ರಿಸಿದ ಪ್ರತಿ ಸಮಯವೂ ಆಯಾ ಊರಿನ ಸ್ಥಳೀಯ ಸಮಯ. ಇದೊಂದು ವಾಕ್ಯವನ್ನು ಹಾಳೆಯ ತಲೆಯ ಮೇಲೆ ಬರೆದಿಡಿ.

ಭಾರತದ ಸಮಯ ಯುಟಿಸಿಗಿಂತ (ಇಡೀ ಜಗತ್ತು ಗಡಿಯಾರ ಹೊಂದಿಸಿಕೊಳ್ಳುವ ಆಧಾರ ಸಮಯ) 5:30 ಗಂಟೆ ಮುಂದೆ. ಜಪಾನ್ 9:00 ಗಂಟೆ ಮುಂದೆ. ನಡುವಿನ ಅಂತರ 3:30. ಕೂಡಿಸಬೇಕೋ ಕಳೆಯಬೇಕೋ ಎಂದು ತಡವರಿಸುವವರಿಗೆ ನನ್ನ ಸಲಹೆ: ಅಂತರವನ್ನು ಬಳಸಲೇ ಬೇಡಿ. ಎರಡೂ ಸಮಯವನ್ನು ಯುಟಿಸಿಗೆ ಇಳಿಸಿ, ಆಮೇಲೆ ಕಳೆಯಿರಿ. ಒಂದು ಸಾಲು ಹೆಚ್ಚು ಬರೆಯಬೇಕು, ಆದರೆ ದಿಕ್ಕು ತಪ್ಪುವ ಭಯವಿಲ್ಲ.

ಹೋಗುವುದು: ದೆಹಲಿ 20:00ರಲ್ಲಿ 5:30 ಕಳೆದರೆ 14:30. ಟೋಕಿಯೊ ಮರುದಿನ 7:15ರಲ್ಲಿ 9:00 ಕಳೆದರೆ ಹಿಂದಿನ ದಿನದ 22:15. ಎರಡರ ನಡುವೆ 7 ಗಂಟೆ 45 ನಿಮಿಷ.

ಬರುವುದು: ಟೋಕಿಯೊ 11:15ರಲ್ಲಿ 9:00 ಕಳೆದರೆ 2:15. ದೆಹಲಿ 17:15ರಲ್ಲಿ 5:30 ಕಳೆದರೆ 11:45. ನಡುವೆ 9 ಗಂಟೆ 30 ನಿಮಿಷ.

ಏಷ್ಯಾದಲ್ಲಿ ಪೂರ್ಣ ಗಂಟೆಗೆ ಹೊಂದದ ಗಡಿಯಾರಗಳು ಹಲವು. ಕಠ್ಮಂಡು 5:45, ಯಾಂಗೂನ್ 6:30, ಕಾಬೂಲ್ 4:30, ಟೆಹರಾನ್ 3:30. ಅಷ್ಟು ವಿಸ್ತಾರವಾದ ಚೀನಾಕ್ಕೆ ಮಾತ್ರ ಒಂದೇ ಅಧಿಕೃತ ಸಮಯ, 8:00. ಗಡಿಯಾರ ಬದಲಾಗುವುದೂ ಇದೆ: ಕಜಾಕಿಸ್ತಾನ 2024ರ ಮಾರ್ಚ್ 1ರಿಂದ ಇಡೀ ದೇಶಕ್ಕೆ 5:00 ಎಂದು ಮಾಡಿಕೊಂಡಿತು, ಇರಾನ್ 2022ರಲ್ಲಿ ಬೇಸಿಗೆ ಸಮಯವನ್ನು ಕೈಬಿಟ್ಟಿತು. ಭಾರತದಲ್ಲೂ ಜಪಾನಿನಲ್ಲೂ ಬೇಸಿಗೆ ಸಮಯದ ಪದ್ಧತಿಯಿಲ್ಲದ ಕಾರಣ ನಮ್ಮ 3:30 ವರ್ಷವಿಡೀ ಹಾಗೆಯೇ ಇರುತ್ತದೆ.

ಗಂಟೆಗಿಂತ ದೊಡ್ಡ ಅನಾಹುತ ಮಾಡುವುದು ತಾರೀಖು. ಟಿಕೆಟ್‌ನಲ್ಲಿ ‘15ನೇ ತಾರೀಖು, 00:20’ ಎಂದಿದ್ದರೆ ನೀವು ಮನೆ ಬಿಡಬೇಕಾದದ್ದು 14ರ ಸಂಜೆ. 15ರ ರಾತ್ರಿ ಊಟ ಮುಗಿಸಿ, ಪೆಟ್ಟಿಗೆ ಹೊತ್ತು ನಿಲ್ದಾಣಕ್ಕೆ ಬಂದ ಕುಟುಂಬವೊಂದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕೌಂಟರ್‌ನ ಹುಡುಗಿ ಬೋರ್ಡಿಂಗ್ ಪಾಸಿನ ಬದಲು ಕ್ಯಾಲೆಂಡರ್ ತೋರಿಸಿದಳು. ವಿಮಾನ ಹೋಗಿ ಇಪ್ಪತ್ತೊಂದು ಗಂಟೆ ಕಳೆದಿತ್ತು. ಮಧ್ಯರಾತ್ರಿಯಿಂದ ಮೂರು ಗಂಟೆಯ ಒಳಗಿನ ಯಾವ ಸಮಯ ಕಂಡರೂ ಹಾಳೆಯಲ್ಲಿ ‘ಮನೆ ಬಿಡುವ ತಾರೀಖು’ ಎಂದು ಬೇರೆಯಾಗಿ ಬರೆಯಿರಿ. ಹಾಗೆಯೇ ತಲುಪುವ ಸಮಯದ ಪಕ್ಕ ‘+1’ ಎಂಬ ಪುಟ್ಟ ಗುರುತು ಇದೆಯೇ ನೋಡಿ. ಅದು ಮರುದಿನ ಎಂಬುದರ ಸೂಚನೆ. ಹೋಟೆಲ್ ಕಾಯ್ದಿರಿಸಬೇಕಾದದ್ದು ಆ ತಾರೀಖಿಗೆ.

ಹಂತ 6: ನಡುವೆ ವಿಮಾನ ಬದಲಿಸುವುದಾದರೆ

ನೇರ ವಿಮಾನ ಬಿಟ್ಟು ಬ್ಯಾಂಕಾಕ್ ಮೂಲಕ ಹೋಗುತ್ತೀರಿ ಎನ್ನೋಣ. ದೆಹಲಿ–ಬ್ಯಾಂಕಾಕ್ ನೇರಕ್ಕೆ ಸುಮಾರು 2,950 ಕಿಲೋಮೀಟರ್, ಬ್ಯಾಂಕಾಕ್–ಹನೇಡಾ ಸುಮಾರು 4,590. ಒಟ್ಟು 7,540. ನೇರ ದೂರಕ್ಕಿಂತ ನೂರಕ್ಕೆ ಇಪ್ಪತ್ತೊಂಬತ್ತು ಹೆಚ್ಚು. ಅದರ ಮೇಲೆ ಎರಡನೇ ಸಲ ಏರುವ ಇಳಿಯುವ ಹೊತ್ತು, ಕಾಯುವ ಹೊತ್ತು.

ಕಾಯುವ ಹೊತ್ತಿನ ಲೆಕ್ಕ ಸುಲಭ. ಬಂದ ಸಮಯ, ಹೊರಡುವ ಸಮಯ ಎರಡೂ ಅದೇ ಊರಿನವು, ಆದ್ದರಿಂದ ನೇರವಾಗಿ ಕಳೆದರೆ ಸಾಕು. ಬೆಳಿಗ್ಗೆ 5:30ಕ್ಕೆ ಇಳಿದು 7:10ಕ್ಕೆ ಹೊರಟರೆ ಒಂದು ಗಂಟೆ ನಲವತ್ತು ನಿಮಿಷ.

ಇದು ಸಾಕೇ? ಎರಡೂ ವಿಮಾನಗಳು ಒಂದೇ ಟಿಕೆಟ್‌ನಲ್ಲಿದ್ದರೆ ಸಾಮಾನ್ಯವಾಗಿ ಸಾಕು. ಪೆಟ್ಟಿಗೆ ತಾನಾಗಿ ಮುಂದೆ ಹೋಗುತ್ತದೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಬೇರೆ ವಿಮಾನ ಕೊಡಿಸುವ ಹೊಣೆ ಸಂಸ್ಥೆಯದು. ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಸಾಕಾಗುವುದೇ ಇಲ್ಲ. ಆ ದೇಶದೊಳಕ್ಕೆ ಹೋಗಿ, ಪೆಟ್ಟಿಗೆ ತೆಗೆದುಕೊಂಡು, ಮತ್ತೆ ಚೆಕ್‌ಇನ್ ಮಾಡಿಸಬೇಕಾಗಬಹುದು. ಅದಕ್ಕೆ ವೀಸಾ ನಿಯಮವನ್ನೂ ನೋಡಿಕೊಳ್ಳಬೇಕು. ತಪ್ಪಿದ ವಿಮಾನದ ಹಣ ಹೋದಂತೆಯೇ. ಇಂಥಲ್ಲಿ ಐದು ಗಂಟೆಗಿಂತ ಕಡಿಮೆ ಬಿಡುವಿನ ಟಿಕೆಟ್ ಕೊಳ್ಳಬೇಡಿ. ಇಳಿಯುವುದು ಸುವರ್ಣಭೂಮಿಯಲ್ಲಿ, ಹೊರಡುವುದು ಡಾನ್ ಮುವಾಂಗ್‌ನಿಂದ ಎಂದಿದ್ದರೆ ಅದೂ ಸಾಲದು.

‘ಡೈರೆಕ್ಟ್’ ಮತ್ತು ‘ನಾನ್‌ಸ್ಟಾಪ್’ ಒಂದೇ ಅಲ್ಲ. ಡೈರೆಕ್ಟ್ ಎಂದರೆ ವಿಮಾನ ಸಂಖ್ಯೆ ಬದಲಾಗುವುದಿಲ್ಲ ಎಂದಷ್ಟೇ. ನಡುವೆ ಎಲ್ಲೋ ಇಳಿದು ಏರಬಹುದು. ನಿಲುಗಡೆಯ ಕಾಲಂ ಓದಿ.

ಹಂತ 7: ಬಾಗಿಲಿನಿಂದ ಬಾಗಿಲಿಗೆ

ಮೊದಲಿನ ಉದಾಹರಣೆಗೇ ಬರೋಣ. ರಾತ್ರಿ 8:00ರ ವಿಮಾನಕ್ಕೆ ದೆಹಲಿಯ ಟರ್ಮಿನಲ್ 3ರಲ್ಲಿ ಸಂಜೆ 5:00ಕ್ಕೆ ಇರಬೇಕು. ಚೆಕ್‌ಇನ್ ಸಾಮಾನ್ಯವಾಗಿ ಹೊರಡುವ 60ರಿಂದ 75 ನಿಮಿಷ ಮೊದಲೇ ಮುಚ್ಚುತ್ತದೆ. 8:00 ಎಂಬುದು ವಿಮಾನ ಗೇಟ್ ಬಿಡುವ ಸಮಯ, ನೀವು ಓಡಿ ಹತ್ತುವ ಸಮಯವಲ್ಲ. ನಗರದ ದಟ್ಟಣೆಗೆ ಒಂದೂಕಾಲು ಗಂಟೆ ಇಟ್ಟರೆ ಮನೆ ಬಿಡುವುದು 3:45ಕ್ಕೆ.

ಆ ಕಡೆ ಬೆಳಿಗ್ಗೆ 7:15ಕ್ಕೆ ಗೇಟ್. ಅಲ್ಲಿಂದ ನಡೆದು, ವಲಸೆ ತಪಾಸಣೆಯ ಸಾಲು ದಾಟಿ, ಪೆಟ್ಟಿಗೆ ಹಿಡಿದು, ಸುಂಕದ ಕಟ್ಟೆಯಿಂದ ಹೊರಬರಲು ಒಂದೂವರೆ ಗಂಟೆ ಇಡಿ. ವಿಸಿಟ್ ಜಪಾನ್ ವೆಬ್ ಎಂಬ ಸರ್ಕಾರಿ ತಾಣದಲ್ಲಿ ವಿವರಗಳನ್ನು ಮೊದಲೇ ತುಂಬಿದ್ದರೆ ಸ್ವಲ್ಪ ಉಳಿಯುತ್ತದೆ. 8:45ಕ್ಕೆ ಹೊರಗೆ. ಹನೇಡಾದಿಂದ ಮೊನೊರೈಲ್ ಅಥವಾ ಕೇಕ್ಯೂ ರೈಲು ಹಿಡಿದು ನಗರದ ಹೋಟೆಲ್‌ಗೆ ಮುಕ್ಕಾಲು ಗಂಟೆ: 9:30.

ದೆಹಲಿಯ 15:45 ಎಂದರೆ ಟೋಕಿಯೊದಲ್ಲಿ 19:15. ಅಲ್ಲಿಂದ ಮರುದಿನ 9:30ಕ್ಕೆ 14 ಗಂಟೆ 15 ನಿಮಿಷ. ಏಳೂಮುಕ್ಕಾಲು ಗಂಟೆಯ ಹಾರಾಟ ಹದಿನಾಲ್ಕು ದಾಟಿತು. ನರಿಟಾದಲ್ಲಿ ಇಳಿದಿದ್ದರೆ ನರಿಟಾ ಎಕ್ಸ್‌ಪ್ರೆಸ್ ಟೋಕಿಯೊ ಸ್ಟೇಷನ್ ಮುಟ್ಟಲೇ ಒಂದು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ, ರೈಲಿಗೆ ಕಾದದ್ದು ಬೇರೆ. ನರಿಟಾ ವಿಮಾನ ಅಗ್ಗವಾಗಿ ಕಂಡಾಗ ಈ ಹೊತ್ತನ್ನೂ ರೈಲಿನ ದರವನ್ನೂ ಸೇರಿಸಿಯೇ ಹೋಲಿಸಿ.

ಜಪಾನಿನ ಹೆಚ್ಚಿನ ಹೋಟೆಲ್‌ಗಳಲ್ಲಿ ಕೋಣೆ ಸಿಗುವುದು ಮಧ್ಯಾಹ್ನ 3:00ರ ನಂತರ. ಬೆಳಿಗ್ಗೆ 9:30ಕ್ಕೆ ಪೆಟ್ಟಿಗೆ ಇಡಲು ಬಿಡುತ್ತಾರೆ, ಹಾಸಿಗೆ ಸಿಗುವುದಿಲ್ಲ. ದೇಹದ ಗಡಿಯಾರಕ್ಕೆ ಆಗ ಬೆಳಗಿನ ಆರು ಗಂಟೆ, ಅದೂ ಸರಿಯಾಗಿ ನಿದ್ರೆಯಿಲ್ಲದ ರಾತ್ರಿಯ ನಂತರ. ಆ ದಿನ ಮುಖ್ಯ ಕೆಲಸ ಇಟ್ಟುಕೊಳ್ಳಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ತಡರಾತ್ರಿ ಇಳಿಯುವ ವಿಮಾನವಾದರೆ ಇನ್ನೊಂದು ಲೆಕ್ಕ. ಟೋಕಿಯೊದ ರೈಲುಗಳು ಮಧ್ಯರಾತ್ರಿಯ ಆಸುಪಾಸಿಗೆ ನಿಂತು ಬೆಳಗಿನ ಐದರ ಸುಮಾರಿಗೆ ಮತ್ತೆ ಶುರುವಾಗುತ್ತವೆ. ರಾತ್ರಿ 10:30ರ ನಂತರ ನರಿಟಾದಲ್ಲಿ ಇಳಿದವರು ಕೊನೆಯ ರೈಲು ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಅಲ್ಲಿಂದ ನಗರಕ್ಕೆ ಟ್ಯಾಕ್ಸಿ ಎಂದರೆ ಇಪ್ಪತ್ತು ಸಾವಿರ ಯೆನ್ ದಾಟುವ ಮಾತು.

ಎಚ್ಚರಿಕೆಯ ಗುರುತುಗಳು

ಲೆಕ್ಕ ಮುಗಿದ ಮೇಲೆ ನೇರ ದೂರವನ್ನು ಒಟ್ಟು ಹಾರಾಟದ ಹೊತ್ತಿನಿಂದ ಭಾಗಿಸಿ. ಹೋಗುವುದಕ್ಕೆ 5,860ನ್ನು 7.75ರಿಂದ ಭಾಗಿಸಿದರೆ 756, ಬರುವುದಕ್ಕೆ 9.5ರಿಂದ ಭಾಗಿಸಿದರೆ 617. ಈ ದಾರಿಯಲ್ಲಿ ಉತ್ತರ ಸುಮಾರು 600ರಿಂದ 800ರ ನಡುವೆ ಬರಬೇಕು. ಮೊದಲು ಬೆರಳೆಣಿಸಿ ತೆಗೆದ ಹನ್ನೊಂದೂಕಾಲು ಗಂಟೆಗೆ ಇದೇ ಪರೀಕ್ಷೆ ಮಾಡಿದರೆ 521. ದೊಡ್ಡ ವಿಮಾನಕ್ಕೆ ಅದು ಬಹಳ ನಿಧಾನ. ಆರು ಗಂಟೆಗೆ 977. ಎದುರುಗಾಳಿಯಲ್ಲಿ ಅದು ಆಗದ ಮಾತು. ಗಡಿಯಾರದ ತಪ್ಪನ್ನು ಹಿಡಿಯಲು ಇದಕ್ಕಿಂತ ಚುರುಕಾದ ಉಪಾಯ ನನಗೆ ಗೊತ್ತಿಲ್ಲ.

ದೂರ 20,000 ಕಿಲೋಮೀಟರ್‌ಗಿಂತ ಹೆಚ್ಚು ಬಂದರೆ ಕ್ಯಾಲ್ಕುಲೇಟರ್ ನೋಡಿ. ಭೂಮಿಯ ಮೇಲಿನ ಯಾವ ಎರಡು ಊರುಗಳೂ ಅಷ್ಟು ದೂರ ಇರಲಾರವು. ಹೋಗುವ ಬರುವ ಹೊತ್ತು ನಿಮಿಷವೂ ವ್ಯತ್ಯಾಸವಿಲ್ಲದೆ ಒಂದೇ ಬಂದರೆ ಗಾಳಿಯನ್ನು ಮರೆತಿದ್ದೀರಿ.

ಋತುವನ್ನೂ ನೋಡಿ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ದೆಹಲಿಯ ಬೆಳಗಿನ ಮಂಜು ವಿಮಾನಗಳನ್ನು ಗಂಟೆಗಟ್ಟಲೆ ತಡೆಯುತ್ತದೆ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಜಪಾನಿಗೆ ಚಂಡಮಾರುತಗಳ ಕಾಟ. ಆ ತಿಂಗಳುಗಳಲ್ಲಿ ಮುಂದಿನ ವಿಮಾನಕ್ಕೋ ರೈಲಿಗೋ ಬಿಗಿಯಾಗಿ ಹೊಂದಿಸಿದ ಯಾವ ಯೋಜನೆಗೂ ಅರ್ಧ ದಿನ ಸಡಿಲ ಬಿಡಿ.

ಹೊರಡುವ ಹಿಂದಿನ ದಿನ ವಿಮಾನ ಸಂಖ್ಯೆ ಹಾಕಿ ಸಮಯವನ್ನೂ ಟರ್ಮಿನಲ್ಲನ್ನೂ ಮತ್ತೊಮ್ಮೆ ನೋಡಿ. ಟಿಕೆಟ್ ಕೊಂಡ ದಿನದ ವೇಳಾಪಟ್ಟಿ ತಿಂಗಳುಗಳ ನಂತರ ಬದಲಾಗಿರಬಹುದು, ವಿಶೇಷವಾಗಿ ಮಾರ್ಚ್ ಕೊನೆಗೂ ಅಕ್ಟೋಬರ್ ಕೊನೆಗೂ, ಏಕೆಂದರೆ ವಿಮಾನ ಸಂಸ್ಥೆಗಳ ಋತುಪಟ್ಟಿ ಬದಲಾಗುವುದು ಆಗಲೇ. ಇದೇ ಪರಿಶೀಲನೆಯನ್ನು ವಾಪಸು ಹೊರಡುವ ಹಿಂದಿನ ಸಂಜೆ ಟೋಕಿಯೊದಲ್ಲೂ ಮಾಡಿ. ಹಾಳೆಯ ಬಲಗಡೆಯ ಮೊದಲ ಸಾಲಿನಿಂದ ಶುರು ಮಾಡಿ: ಹನೇಡಾವೋ, ನರಿಟಾವೋ?